ಪಾಲ್ದಿಸ್ಕಿಯ ಕಿವಿ

ಬೆಳಿಗ್ಗೆ ಎದ್ದಾಗಿನಿಂದ ವೆಲ್ಲೊಗೆ ತನ್ನ ಎಡಗಿವಿಯ ಮೇಲೆ ಅನುಮಾನ ಹುಟ್ಟಿಕೊಂಡಿತ್ತು. ಅಡುಗೆಮನೆಯ ಫ್ರಿಜ್ಜಿಗೆ ಮೊದಲು ಬಲಗಿವಿ ಆನಿಸಿ ನಿಂತ, ಆಮೇಲೆ ಎಡಗಿವಿ. ಮೋಟಾರಿನ ಸದ್ದು ಎರಡರಲ್ಲೂ ಒಂದೇ ಥರ ಕೇಳಿಸಿತು. ಆದರೆ ಎಡಗಿವಿಯಲ್ಲಿ ಅದರ ಹಿಂದೆ ಸಣ್ಣದೊಂದು ಸಿಳ್ಳು ಇದ್ದ ಹಾಗಿತ್ತು. ಅದು ಫ್ರಿಜ್ಜಿನದೋ ತನ್ನ ತಲೆಯೊಳಗಿನದೋ ಗೊತ್ತಾಗಲಿಲ್ಲ. ಇಪ್ಪತ್ತೇಳು ವರ್ಷದಿಂದ ಕೇಯ್ಲಾ ಊರಿನವರ ಫ್ರಿಜ್ಜು ರಿಪೇರಿ ಮಾಡಿಕೊಂಡು ಬಂದವನು, ಹೊಸ್ತಿಲಲ್ಲಿ ನಿಂತೇ ಯಾವ ಭಾಗ ಕೆಟ್ಟಿದೆ ಎಂದು ಹೇಳಬಲ್ಲವನು, ಈಗ ತನ್ನ ಮನೆಯದರ ಮುಂದೆಯೇ ಕಕ್ಕಾಬಿಕ್ಕಿಯಾಗಿ ನಿಂತಿದ್ದ. "ಮದುವೆಯಾದ ಹೊಸದ್ರಲ್ಲಿ ನನ್ನನ್ನೂ ಇಷ್ಟು ಹೊತ್ತು ತಬ್ಕೊಂಡಿರ್ಲಿಲ್ಲ ನೀನು," ಅಂದಳು ಹೆಂಡತಿ ಉರ್ವೆ, ಕಪ್ಪು ಬ್ರೆಡ್ಡಿನ ಮೇಲೆ ಉಪ್ಪುಮೀನು ಜೋಡಿಸುತ್ತಾ. ಕಿವಿ ಪರೀಕ್ಷೆ ಮಾಡ್ಕೋತಿದೀನಿ ಎಂದು ಇವನು ಹೇಳಿದ್ದಕ್ಕೆ, "ಕಿವಿಗೇನಾಗಿದೆ? ಕಸ ಹೊರಗೆ ಹಾಕು ಅಂದಾಗ ಒಂದು ಬಿಟ್ರೆ ಇನ್ನೆಲ್ಲಾ ಕೇಳ್ಸತ್ತೆ ನಿಂಗೆ," ಅಂದಳು. ಅವಳು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಅವನ ಕೋಟಿನ ಜೇಬಿಗೆ ತುರುಕಿ, ಕಾಲರು ಸರಿ ಮಾಡಿ, ಬಾಗಿಲ ತನಕ ಬಂದಳು. ಸಾಮಾನ್ಯವಾಗಿ ಅವಳು ಬಾಗಿಲ ತನಕ ಬರುವವಳಲ್ಲ.

ಕೇಯ್ಲಾದಿಂದ ಪಾಲ್ದಿಸ್ಕಿಗೆ ಅರ್ಧ ಗಂಟೆಯ ದಾರಿ. ಮಾರ್ಚ್ ತಿಂಗಳ ಬಿಸಿಲು, ಹೊಲಗಳ ಮೇಲೆ ಹರಕು ಹಿಮ. ಈ ದಾರಿಯಲ್ಲಿ ಅವನು ಮೊದಲ ಸಲ ಬಂದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮುಚ್ಚಿದ ಲಾರಿಯಲ್ಲಿ, ತಲೆ ಬೋಳಿಸಿಕೊಂಡು. ಆಗ ಪಾಲ್ದಿಸ್ಕಿಗೆ ಮುಳ್ಳುತಂತಿಯ ಬೇಲಿಯಿತ್ತು. ಸೋವಿಯತ್ ನೌಕಾಪಡೆಗೆ ಮೂರು ವರ್ಷದ ಕಡ್ಡಾಯ ಸೇವೆ. ಎಸ್ಟೋನಿಯಾದ ಹುಡುಗರನ್ನು ಎಸ್ಟೋನಿಯಾದಲ್ಲಿ ಇಟ್ಟುಕೊಳ್ಳುವುದೇ ಅಪರೂಪವಾಗಿದ್ದರೂ ಇವನನ್ನು ಇಟ್ಟುಕೊಂಡರು, ಯಾಕೆಂದರೆ ಪರೀಕ್ಷೆಯ ಕೋಣೆಯಲ್ಲಿ ಹನ್ನೆರಡು ಬಗೆಯ ಹಡಗಿನ ಸದ್ದು ಹಾಕಿದಾಗ ಹನ್ನೆರಡನ್ನೂ ಬೇರ್ಪಡಿಸಿ ಹೇಳಿದವನು ಇವನೊಬ್ಬನೇ. ಒಡೆಸ್ಸಾ ಕಡೆಯ ಗೆನ್ನಾದಿ ಎಂಬ ಮುದಿ ಹವಾಲ್ದಾರ ಇವನ ಎರಡೂ ಕಿವಿ ಹಿಡಿದು ಜಗ್ಗಿ, "ಎಲೆಕೋಸು ತಿನ್ನೋ ಹಳ್ಳಿಗಮಾರನಿಗೆ ಇಂಥ ಕಿವಿ ಯಾಕೋ ಕೊಟ್ಟ ದೇವ್ರು," ಎಂದು ನಕ್ಕಿದ್ದ. ಒಳ್ಳೆಯ ಮನುಷ್ಯ. ಅವನನ್ನು ದ್ವೇಷಿಸುವುದಕ್ಕೆ ವೆಲ್ಲೊ ಎಷ್ಟೋ ವರ್ಷ ಪ್ರಯತ್ನಪಟ್ಟಿದ್ದಾನೆ, ಆಗಿಲ್ಲ. ಎರಡನೆಯ ವರ್ಷ ವೆಲ್ಲೊನ ಅಮ್ಮನಿಗೆ ನೌಕಾಪಡೆಯಿಂದ ಮೆಚ್ಚುಗೆಯ ಪತ್ರ ಹೋಯಿತು, ನಿಮ್ಮ ಮಗ ಅತ್ಯುತ್ತಮ ಶ್ರವಣಕಾರ ಎಂದು. ಅಮ್ಮನ ಅಣ್ಣನನ್ನು ಸೈಬೀರಿಯಾಕ್ಕೆ ಒಯ್ದವರ ಮೊಹರೇ ಆ ಪತ್ರದ ಮೇಲೂ ಇತ್ತು. ಅವನು ರಜೆಗೆ ಬಂದಾಗ ಅವಳು ಒಂದೇ ಮಾತು ಕೇಳಿದಳು: "ಏನು ಕೇಳಿಸ್ಕೊಂಡೆ ಅಂತ ಇವರು ನಿನ್ನ ಹೊಗಳ್ತಿದಾರೆ?" ಈಗ ಬೇಲಿ ಇದ್ದ ಜಾಗದಲ್ಲಿ ಯಾರೋ ಆಲೂಗಡ್ಡೆ ಹಾಕುತ್ತಾರೆ, ಅದರ ಪಕ್ಕದಲ್ಲೇ ಅವನು ಕಾರು ನಿಲ್ಲಿಸಿದ.

ಅವನು ಈಗ ಕೆಲಸಕ್ಕೆ ಬರುವ ಕೋಣೆ ಮೊದಲು ಮೀನಿನ ಗೋದಾಮಾಗಿತ್ತು. ಬಣ್ಣ ಹೊಡೆದು ಐದು ವರ್ಷವಾದರೂ ಬಿಸಿಲೇರಿದಾಗ ಗೋಡೆ ಮೀನು ನಾರುತ್ತದೆ. ಒಳಗೆ ಇದ್ದವರು ಇಬ್ಬರು: ಈಗಿನ ಸ್ವತಂತ್ರ ಎಸ್ಟೋನಿಯಾದ ನೌಕಾಪಡೆಯ ಅಧಿಕಾರಿ ಹೆಲೆರಿ, ಮೂವತ್ತನಾಲ್ಕರ ಹೆಂಗಸು, ಮಾತು ಕಡಿಮೆ; ಮತ್ತು ಯಂತ್ರ ನೋಡಿಕೊಳ್ಳುವ ಎಂಜಿನಿಯರ್ ಕಾರೆಲ್, ಮಾತು ಜಾಸ್ತಿ. ಎರಡು ವರ್ಷದ ಹಿಂದೆ ಹೆಲೆರಿಯೇ ಫ್ರಿಜ್ಜು ಕೆಟ್ಟಿದೆ ಎಂದು ಸುಳ್ಳು ಹೇಳಿ ವೆಲ್ಲೊನನ್ನು ಮನೆಗೆ ಕರೆಸಿಕೊಂಡು, ಕಾಫಿ ಕೊಟ್ಟು, ಸಮುದ್ರದಡಿಯ ಸದ್ದು ಕೇಳಿಸಿ, "ಇದೇನು ಹೇಳಿ ಮಾಮ," ಎಂದಿದ್ದಳು. ಅವನು ಹೇಳಿದ. ಅಂದಿನಿಂದ ವಾರಕ್ಕೆರಡು ದಿನ ಇಲ್ಲಿಗೆ ಬಂದು ಕಾರೆಲ್‌ನ ಯಂತ್ರಕ್ಕೆ ಪಾಠ ಹೇಳುತ್ತಿದ್ದ: ಇದು ಮಂಜುಗಡ್ಡೆ ಬಿರಿಯುವುದು, ಇದು ಎಣ್ಣೆ ಹಡಗು, ಇದು ಎಣ್ಣೆ ಹಡಗಿನ ಕೆಟ್ಟ ಪಂಪು. ಯಂತ್ರ ಜಾಣ ವಿದ್ಯಾರ್ಥಿ. ಒಮ್ಮೆ ಹೇಳಿದ್ದನ್ನು ಮರೆಯುವುದಿಲ್ಲ, ಬೇಸರ ಪಡುವುದಿಲ್ಲ, ಮಧ್ಯೆ ಎದ್ದು ಮೂತ್ರಕ್ಕೆ ಹೋಗುವುದಿಲ್ಲ. ಇವತ್ತಿನ ಜಂಟಿ ನೌಕಾ ಕಸರತ್ತು ಮುಗಿದ ಮೇಲೆ ಮೇಲಿನವರು ಒಂದು ತೀರ್ಮಾನ ಮಾಡುವವರಿದ್ದರು: ಕಿವಿಯಿಂದ ಕೇಳಿ ಹೇಳುವವರನ್ನು ಇಟ್ಟುಕೊಳ್ಳುವುದೋ, ಎಲ್ಲವನ್ನೂ ಯಂತ್ರಕ್ಕೇ ಬಿಡುವುದೋ. ಇದನ್ನು ಹೆಲೆರಿ ಅವನಿಗೆ ಮುಚ್ಚಿಟ್ಟಿರಲಿಲ್ಲ.

ಕಸರತ್ತು ಹೀಗಿತ್ತು. ಫಿನ್ಲೆಂಡ್ ಕೊಲ್ಲಿಯಲ್ಲಿ ಏಳು ಹಡಗು ಓಡಾಡುತ್ತಿದ್ದವು, ಎಂಟು ದೇಶಗಳು ಸೇರಿ ಇದಕ್ಕೆಂದು ಗೊತ್ತು ಮಾಡಿದಂಥವು. ಅವುಗಳಲ್ಲಿ ಒಂದು ಮಾತ್ರ ಕಳ್ಳ. ಗುಟ್ಟಾಗಿ ಲಂಗರು ಇಳಿಸಿ ಸಮುದ್ರದ ತಳದಲ್ಲಿ ಎಳೆದುಕೊಂಡು ಹೋಗಬೇಕು, ಅಲ್ಲಿ ಇದಕ್ಕೆಂದೇ ಹಾಸಿದ ಹಳೆಯ ಕೇಬಲ್ಲನ್ನು ಕತ್ತರಿಸಬೇಕು. ಉತ್ತರದ ದಡದಲ್ಲಿ ಫಿನ್ನರು, ದಕ್ಷಿಣದ ದಡದಲ್ಲಿ ಇವರು, ಕಡಲಡಿಯ ಮೈಕುಗಳ ಮೂಲಕ ಕೇಳುತ್ತಾ ಕಳ್ಳ ಯಾವುದೆಂದು ಹೇಳಬೇಕು. ಹನ್ನೊಂದೂ ನಲವತ್ತಕ್ಕೆ ಮೇಲೆ ಒಂದು ಉಪಗ್ರಹ ಹಾದುಹೋಗುತ್ತದೆ. ಅದು ಒಂದು ಸಲಕ್ಕೆ ಕಡಲಿನ ಒಂದೇ ತುಂಡನ್ನು ನೋಡಬಲ್ಲದು. ಎತ್ತ ನೋಡಬೇಕೆಂದು ಅದಕ್ಕೆ ಹನ್ನೊಂದೂಕಾಲರೊಳಗೆ ಹೇಳಿಬಿಡಬೇಕು. ಎರಡೂ ದಡದವರು ಒಬ್ಬರದೊಬ್ಬರು ಕೇಳದೆ ಒಂದೇ ಹಡಗನ್ನು ಹೆಸರಿಸಿದರೆ ಮಾತ್ರ ಉಪಗ್ರಹ ಆ ಕಡೆ ತಿರುಗುತ್ತದೆ. ವರದಿಗಳು ಹೋಗುವುದು ಜರ್ಮನಿಯ ರೋಸ್ಟೋಕ್ ಊರಿಗೆ. ಅಲ್ಲಿ ಎಂಟು ದೇಶದ ಅಧಿಕಾರಿಗಳು ಒಂದು ದುಂಡು ಮೇಜಿನ ಸುತ್ತ ಕೂತಿರುತ್ತಾರೆ. ಕೇಳಿದವನು ತನ್ನ ತಾಯ್ನುಡಿಯಲ್ಲೇ ಹೇಳಬೇಕು, ಅವನ ಅಧಿಕಾರಿ ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕು ಎಂಬುದು ನಿಯಮ. ಅವಸರದಲ್ಲಿ ಪರಭಾಷೆ ಕೈಕೊಡುತ್ತದೆ ಎಂದು ಯಾರೋ ಬುದ್ಧಿವಂತರು ಮಾಡಿದ್ದು.

"ಫಿನ್ನರಿಗಿಂತ ಒಂದು ನಿಮಿಷ ಮುಂಚೆ ಹೇಳ್ಬಿಡಿ ಮಾಮ, ಸಾಕು," ಅಂದ ಕಾರೆಲ್. "ಹೋದ ಸಲ ಗೆದ್ದು ಆರು ತಿಂಗಳು ನಮ್ಮ ತಲೆ ತಿಂದಿದಾರೆ."

"ಯಂತ್ರ ಏನನ್ನತ್ತೆ?" ಹೆಲೆರಿ ಕೇಳಿದಳು.

"ಎರಡನೇದು. ನೂರಕ್ಕೆ ಎಂಬತ್ತೊಂದು."

ವೆಲ್ಲೊ ಕಿವಿಗೆ ಹೆಡ್‌ಫೋನಿನ ಗೂಡು ಹಾಕಿಕೊಂಡು ಕಣ್ಣು ಮುಚ್ಚಿದ. ನೀರಿನಡಿಯ ಜಗತ್ತು ಹತ್ತೊಂಬತ್ತನೆಯ ವಯಸ್ಸಿನಿಂದಲೂ ಅವನಿಗೆ ಒಂದೇ ಥರ ತೆರೆದುಕೊಳ್ಳುವುದು. ಮೊದಲು ಬರೀ ಗದ್ದಲ, ಸಂತೆಯ ಹಾಗೆ, ಆಮೇಲೆ ಒಬ್ಬೊಬ್ಬರದೇ ದನಿ. ದಡದ ಮಂಜು ಚಟಚಟ ಎನ್ನುತ್ತಿತ್ತು. ಎರಡನೆಯ ಹಡಗಿನಲ್ಲಿ ಏನೋ ಉಕ್ಕು ಉಕ್ಕಿಗೆ ಬಡಿಯುತ್ತಿತ್ತು, ಯಂತ್ರ ಮೋಸಹೋದದ್ದು ಅದಕ್ಕೇ. ಅದು ಸರಪಳಿಯಲ್ಲ, ಸಡಿಲವಾದ ಮುಚ್ಚಳ. ಅದನ್ನು ದಾಟಿ ಪಶ್ಚಿಮಕ್ಕೆ ಹೋದ. ಅಲ್ಲಿ ಐದನೆಯದರ ಕೆಳಗೆ, ತೀರ ಕೆಳಗೆ, ಒಂದು ಸವರುವಿಕೆ. ನಿಂತಿತು. ಮತ್ತೆ ಬಂತು. ಅವನ ಮೈ ತಣ್ಣಗಾಯಿತು, ಇಂಥ ಖಾತ್ರಿ ಬಂದಾಗಲೆಲ್ಲ ಆಗುವ ಹಾಗೆ, ಅವತ್ತು ಆದ ಹಾಗೆ. ಅವತ್ತು ಎಂದರೆ ಎಂಬತ್ತೈದರ ಮೇ ತಿಂಗಳು, ಅವನನ್ನು ಆಗ ಹಾಕಿದ್ದ ಹಿಯುಮಾ ದ್ವೀಪದ ಕಾವಲುಗೂಡು, ಬೆಳಗಿನ ಐದೂ ಇಪ್ಪತ್ತು. ಒಂದು ಸಿಲಿಂಡರಿನ ದೋಣಿ ಎಂಜಿನ್ನು, ಅದಕ್ಕೆ ಚಿಂದಿ ಸುತ್ತಿ ಸದ್ದಡಗಿಸಿದ್ದರು, ಪಶ್ಚಿಮಕ್ಕೆ ಹೋಗುತ್ತಿತ್ತು, ಸೋವಿಯತ್ ಗಡಿ ತಪ್ಪಿಸಿಕೊಂಡು ಸ್ವೀಡನ್ನಿನ ಕಡೆಗೆ. ಪಕ್ಕದಲ್ಲಿದ್ದ ಇಬ್ಬರಿಗೆ ಕೇಳಿಸಲಿಲ್ಲ. ಅವನು ಸುಮ್ಮನಿದ್ದಿದ್ದರೆ ಲೋಕಕ್ಕೇ ಕೇಳಿಸುತ್ತಿರಲಿಲ್ಲ. ಆದರೆ ಬಾಯಿ ತಾನಾಗಿ ಹೇಳಿಬಿಟ್ಟಿತು, ದಿಕ್ಕು, ದೂರ, ವೇಗ, ಒಂದೂ ತಪ್ಪಿಲ್ಲದೆ. ಹೇಳುವಾಗ ಎದೆಯುಬ್ಬಿತ್ತು ಎಂಬುದನ್ನು ಅವನು ಉರ್ವೆಗೂ ಹೇಳಿಲ್ಲ. ಗಡಿ ಕಾವಲಿನ ದೋಣಿ ಹೊರಟಿತು. ಒಂದು ಗಂಟೆಯ ನಂತರ ಚಿಕ್ಕ ಎಂಜಿನ್ನು ನಿಂತುಹೋಯಿತು. ಯಾರಿದ್ದರು, ಎಷ್ಟು ಜನ, ಮಕ್ಕಳಿದ್ದರೋ, ಅವನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಅಮ್ಮನಿಗೆ ಹೋದ ಮೆಚ್ಚುಗೆಯ ಪತ್ರದ ತಾರೀಕು ಅದರ ಮುಂದಿನ ವಾರದ್ದು.

ಸವರುವಿಕೆ ಮೂರನೆಯ ಸಲ ಬಂತು. ವೆಲ್ಲೊ ರೋಸ್ಟೋಕಿಗೆ ಮಾತಾಡುವ ಗುಂಡಿ ಒತ್ತಿದ.

"ಪ್ಯಾತಿ," ಎಂದಿತು ಅವನ ಬಾಯಿ. "ಪೆಲೆಂಗ್ ತ್ರಿಸ್ತಾ ಸೋರಕ್."

ಐದನೆಯದು, ಕೋನ ಮುನ್ನೂರ ನಲವತ್ತು. ರಷ್ಯನ್ ಭಾಷೆಯಲ್ಲಿ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಏಳು. ಕಾರೆಲ್ ಕುರ್ಚಿಯಲ್ಲೇ ತಿರುಗಿ ಅವನನ್ನು ನೋಡಿದ, ನೋಡಬಾರದ್ದನ್ನು ನೋಡಿದವನ ಹಾಗೆ. ದುಂಡು ಮೇಜಿನ ಎಂಟು ದೇಶಗಳು ಉಸಿರು ಹಿಡಿದದ್ದು ವೆಲ್ಲೊಗೆ ನಿಜವಾಗಿಯೂ ಕೇಳಿಸಿತು. ಯಾರೋ ಪೆನ್ನು ಕೆಳಗಿಟ್ಟರು. ಆಮೇಲೆ ರೋಸ್ಟೋಕಿನಿಂದ ಒಂದು ಗೊಗ್ಗರು ದನಿ, ವಯಸ್ಸಾದ ಗಂಡಸಿನದು, ತಡೆಯಿಲ್ಲದೆ ಬಂತು: "ಪೋನ್ಯಲ್. ಪ್ಯಾತಿ, ತ್ರಿಸ್ತಾ ಸೋರಕ್." ತಿಳಿಯಿತು ಎಂದು, ಅದೇ ಭಾಷೆಯಲ್ಲಿ, ಅದೇ ಪದ್ಧತಿಯಲ್ಲಿ, ಅಂಕಿಗಳನ್ನು ತಿರುಗಿ ಹೇಳಿ. ಅವನು ಡೀಟ್ಮಾರ್, ಕೇಂದ್ರದ ಹಿರಿಯ ಸಂದೇಶಕಾರ. ಪೂರ್ವ ಜರ್ಮನಿಯ ನೌಕಾಪಡೆಯಲ್ಲಿ ಹುಡುಗನಾಗಿದ್ದಾಗ ಯಾವನೋ ಇನ್ನೊಬ್ಬ ಗೆನ್ನಾದಿ ಅವನ ಕಿವಿಯನ್ನೂ ಹಿಡಿದು ಜಗ್ಗಿರಬೇಕು. ತಾನೇನಂದೆ ಎಂದು ಅವನಿಗೂ ಆಮೇಲೆ ಹೊಳೆದಿರಬೇಕು, ಗಂಟಲು ಸರಿಮಾಡಿಕೊಂಡ. ಅಲ್ಲಿ ಯಾರೋ ಕಿಸಕ್ಕೆಂದರು. ಹೆಲೆರಿ ತನ್ನ ಗುಂಡಿ ಒತ್ತಿ, ತಡೆಯಿರಿ, ಖಚಿತಪಡಿಸುತ್ತೇವೆ ಎಂದು ಇಂಗ್ಲಿಷಿನಲ್ಲಿ ಹೇಳಿ ಗುಂಡಿ ಬಿಟ್ಟಳು.

ವೆಲ್ಲೊ ಗೂಡು ತೆಗೆದು ಮೇಜಿನ ಮೇಲಿಟ್ಟ. ಅವನ ಕತ್ತು, ಕೆನ್ನೆ, ಬೋಳುತಲೆ ಎಲ್ಲ ಕೆಂಪಾಗಿ ಸುಡುತ್ತಿತ್ತು. ಅರವತ್ತರ ಹತ್ತಿರದ ಗಂಡಸು ಹತ್ತು ಜನರ ಎದುರಿಗೆ ಚಡ್ಡಿ ಒದ್ದೆ ಮಾಡಿಕೊಂಡ ಹಾಗಾಗಿತ್ತು. ಬ್ರೆಡ್ಡು ಕೇಳುವುದಕ್ಕೆ, ಹೆಂಡತಿಯ ಹತ್ತಿರ ಜಗಳವಾಡುವುದಕ್ಕೆ, ಅಮ್ಮನ ಮಣ್ಣಿಗೆ ಹೋದಾಗ ಅಳುವುದಕ್ಕೆ ಅವನ ಭಾಷೆ ಅವನಿಗಿತ್ತು. ಈ ಒಂದು ಕಸುಬನ್ನು ಮಾತ್ರ ಅವನು ಯಾವತ್ತೂ ತನ್ನ ಭಾಷೆಯಲ್ಲಿ ಮಾಡಿರಲಿಲ್ಲ. ಎರಡು ವರ್ಷ ಇಲ್ಲಿ ಪಾಠ ಹೇಳಿದ್ದೂ ಬೆರಳು ತೋರಿಸಿ, ತಲೆಯಾಡಿಸಿ, ಇದು ಮಂಜು, ಅದು ಪಂಪು ಎಂದಷ್ಟೇ, ಕೋನ ದೂರ ಎಣಿಸಿ ಅಲ್ಲ. ತಲೆಯೊಳಗೆ ಎಣಿಸಿದ್ದೆಲ್ಲ ರಷ್ಯನ್ನರ ಭಾಷೆಯಲ್ಲಿ ಎಂದು ಅವನಿಗೇ ಈವರೆಗೆ ಗೊತ್ತಿರಲಿಲ್ಲ. ಹಾಗಾದರೆ ಈ ಕಿವಿ ಯಾರದು ಎಂದು ಅವನು ಯೋಚಿಸಿದ. ಅವರೇ ಕಡೆದು, ಅವರೇ ಹರಿತ ಮಾಡಿ, ಅವರೇ ಮೆಚ್ಚಿ ಪತ್ರ ಬರೆದ ಕಿವಿ. ಬೇಲಿ ಕಿತ್ತು ಹೋದಾಗ ಒಯ್ಯುವುದನ್ನು ಮರೆತು ಇಲ್ಲೇ ಬಿಟ್ಟು ಹೋದದ್ದು.

"ಮಾಮ," ಅಂದಳು ಹೆಲೆರಿ. "ಐದನೇದು ಅಂತ ಖಾತ್ರಿನಾ?"

"ಯಂತ್ರ ಎರಡು ಅಂತಿದೆಯಲ್ಲ."

"ಯಂತ್ರನ ನಾನು ಕೇಳಲಿಲ್ಲ."

"ಎಂಬತ್ನಾಲ್ಕಕ್ಕೆ ಏರ್ತು," ಅಂದ ಕಾರೆಲ್ ಮೆಲ್ಲಗೆ, ಯಾರ ಮುಖವನ್ನೂ ನೋಡದೆ. "ಅಲ್ಲ, ಮಾಮ ಹೇಳಿದ್ದು ತಪ್ಪು ಅಂತಲ್ಲ. ಅಂಕಿ ಹೇಳ್ದೆ ಅಷ್ಟೆ."

ಹನ್ನೊಂದೂ ಒಂಬತ್ತು. ಹಿಂದೆ ಸರಿಯುವುದು ಸುಲಭವಿತ್ತು. ವಯಸ್ಸಾಯ್ತು, ಎಡಗಿವಿಯಲ್ಲಿ ಸಿಳ್ಳು, ಯಂತ್ರದ ಮಾತೇ ಇರಲಿ ಎಂದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮರ್ಯಾದೆಯಾಗಿ ಫ್ರಿಜ್ಜುಗಳಿಗೆ ಮರಳಬಹುದಿತ್ತು. ಖಾತ್ರಿ ಎಂಬುದರ ಮೇಲೆ ಅವನಿಗೆ ಯಾವ ಗೌರವವೂ ಉಳಿದಿರಲಿಲ್ಲ. ಅವತ್ತೂ ಖಾತ್ರಿಯೇ ಇತ್ತು. ತಪ್ಪು ಕೇಳಿಸಿಕೊಂಡಿದ್ದರೆ ಎಂದು ಮೂವತ್ತೊಂಬತ್ತು ವರ್ಷದಿಂದ ಅವನು ಎಷ್ಟು ಸಲ ಹಾರೈಸಿಲ್ಲ. ಹೆಲೆರಿ ಗಡಿಯಾರ ನೋಡಲಿಲ್ಲ. ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ. ಕನಿಕರವಿದ್ದಿದ್ದರೆ ಅವನು ಎದ್ದು ಹೋಗಿಬಿಡುತ್ತಿದ್ದ.

"ಅವರ ಭಾಷೇಲಿ ಬಂತು, ಬರಲಿ ಬಿಡಿ. ಅಲ್ಲಿ ಕಲಿತ್ರಿ, ಅಲ್ಲಿಂದ ಬಂತು. ಈಗ ನಂಗೆ ಹೇಳಿ. ರೋಸ್ಟೋಕಿಗೆ ಬೇಡ, ನಂಗೆ. ಕೆಳಗಡೆ ಏನು ನಡೀತಿದೆ?"

ಅವನು ಗೂಡನ್ನು ಮತ್ತೆ ಹಾಕಿಕೊಂಡ. ಪದ ಹುಡುಕಿದ. ಆ ಶಬ್ದಕ್ಕೆ ಗೆನ್ನಾದಿ ಕಲಿಸಿದ ಪದ ನಾಲಿಗೆಯ ತುದಿಯಲ್ಲೇ ನಿಂತಿತ್ತು, ಹೆಗಲಿನಿಂದ ತಳ್ಳಿದರೂ ಬಾಗಿಲು ಬಿಡದ ನೆಂಟನ ಹಾಗೆ. ಅವನು ಕಾದ. ಆಗ ಅಮ್ಮನ ಅಪ್ಪ ನೆನಪಾದ, ನೋವಾ ಊರಿನ ಮೀನುಗಾರ. ಗಾಳಿಗೆ ದೋಣಿ ಜಾರಿ ಲಂಗರು ಹಿಡಿತ ತಪ್ಪಿದಾಗ ಮುದುಕ ದೋಣಿಯ ಹಲಗೆಗೆ ಕಿವಿಯಿಟ್ಟು, ನೆಕ್ತಿದೆ ನೋಡು, ತಳ ನೆಕ್ತಿದೆ ಎನ್ನುತ್ತಿದ್ದ. ಆಗ ವೆಲ್ಲೊಗೆ ಆರು ವರ್ಷ. ತಾನೂ ಹಲಗೆಗೆ ಕಿವಿಯಿಟ್ಟಿದ್ದ, ಒದ್ದೆ ಮರ ಕೆನ್ನೆಗೆ ತಣ್ಣಗಿತ್ತು, ಮತ್ತು ಅವನಿಗೆ ಕೇಳಿಸಿತ್ತು. ಗೆನ್ನಾದಿಗಿಂತ ಹದಿಮೂರು ವರ್ಷ ಮೊದಲೇ ಕೇಳಿಸಿತ್ತು. ಇದನ್ನು ಅವನು ಹೇಗೆ ಮರೆತ ಎಂದು ಅವನಿಗೇ ಆಶ್ಚರ್ಯವಾಯಿತು.

ಅವನು ಗುಂಡಿಯನ್ನು ತಾನೇ ಒತ್ತಿದ. ನಿಧಾನವಾಗಿ, ಒಂದೊಂದೇ ಪದ ಎತ್ತಿಡುತ್ತಾ, ತನ್ನ ಭಾಷೆಯಲ್ಲಿ ಹೇಳಿದ: "ಐದನೇ ಹಡಗು. ಕೋನ ಮುನ್ನೂರ ನಲವತ್ತು. ಲಂಗರು ತಳ ನೆಕ್ತಿದೆ. ಸರಪಳಿ ಪೂರ್ತಿ ಬಿಟ್ಟಿಲ್ಲ, ಅದಕ್ಕೇ ಬಿಟ್ಟು ಬಿಟ್ಟು ತಾಗ್ತಿದೆ. ಎರಡನೇದರಲ್ಲಿ ಬಡೀತಿರೋದು ಮುಚ್ಚಳ." ಒಂದು ಕ್ಷಣ ತಡೆದು, ಯಾರೂ ಕೇಳದಿದ್ದರೂ ಸೇರಿಸಿದ: "ಪಾಲ್ದಿಸ್ಕಿಯಿಂದ ವೆಲ್ಲೊ ಹೇಳ್ತಿರೋದು." ಹೆಲೆರಿ ಇಂಗ್ಲಿಷಿನಲ್ಲಿ ಹೇಳಿದಳು. ನೆಕ್ಕುವುದು ಎಂಬಲ್ಲಿ ಅವಳೂ ಒಂದು ಗಳಿಗೆ ತಡವರಿಸಿ, ಕೊನೆಗೆ ನೆಕ್ಕುವುದು ಎಂದೇ ಹೇಳಿದಳು. ಗಡಿಯಾರದಲ್ಲಿ ಹನ್ನೊಂದೂ ಹನ್ನೆರಡು.

ಹನ್ನೊಂದೂಕಾಲಿಗೆ, ಎರಡೂ ದಡ ಒಂದೇ ಹಡಗನ್ನು ಹೇಳಿವೆ, ಉಪಗ್ರಹಕ್ಕೆ ತಿಳಿಸಲಾಗಿದೆ ಎಂದು ರೋಸ್ಟೋಕಿನಿಂದ ಬಂತು. ಕಾರೆಲ್ ಯಂತ್ರದ ಕಡೆ ನೋಡಿ ಅದಕ್ಕೆ ಒಂದು ಕೆಟ್ಟ ಬೈಗುಳ ಬೈದ. ವೆಲ್ಲೊ ಉರ್ವೆ ಕೊಟ್ಟ ಬ್ರೆಡ್ಡನ್ನು ಬಿಚ್ಚಿ ಮೂರು ಪಾಲು ಮಾಡಿದ, ಆದರೆ ಎರಡೂ ದಡದವರು ಸೇರಿ ತಪ್ಪಿರಬಹುದಲ್ಲ ಎಂದು ತನ್ನದನ್ನು ತಿನ್ನಲಾಗಲಿಲ್ಲ. ಹನ್ನೊಂದೂ ನಲವತ್ತಕ್ಕೆ ಅವನು ಕಿಟಕಿಗೆ ಹೋಗಿ ಆಕಾಶ ನೋಡಿದ, ಏನೂ ಕಾಣುವುದಿಲ್ಲವೆಂದು ಗೊತ್ತಿದ್ದೂ. ಅಲ್ಲಿ, ಬೆಳಕಿಗಿಂತ ಆಚೆ, ಯಾವ ದೇಶದ ಯಾವ ಹುಡುಗಿಯೋ ತಿರುಪು ಬಿಗಿದ ಒಂದು ಕಣ್ಣು, ಪಾಲ್ದಿಸ್ಕಿಯ ಮೀನಿನ ಗೋದಾಮಿನಲ್ಲಿ ಕೂತ ಫ್ರಿಜ್ಜಿನ ಮೆಕ್ಯಾನಿಕ್ಕೊಬ್ಬನ ಮಾತು ಕೇಳಿ ಕತ್ತು ತಿರುಗಿಸುತ್ತಿದೆ ಎಂದುಕೊಂಡಾಗ ನಗು ಬಂತು. ಹನ್ನೆರಡೂ ಹತ್ತಕ್ಕೆ, ಉಪಗ್ರಹ ಕಂಡದ್ದನ್ನು ಇಳಿಸಿಕೊಳ್ಳುವ ಸ್ಪೇನಿನ ಕೇಂದ್ರದಿಂದ ಚಿತ್ರ ಬಂತು. ನೀಲಿ ನೀರಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಹಡಗು, ಅದರ ಹಿಂದೆ ಉದ್ದಕ್ಕೆ ಕೆಸರಿನ ಕಂದು ಗೆರೆ. ಐದನೆಯದು. ಹೆಲೆರಿ ಬಂದು ಅವನ ಬೆನ್ನಿನ ಮೇಲೆ ಕೈಯಿಟ್ಟಳು. ನಾನು ಇವರಿಗೆ ಬೇಕಾದವನು ಎಂದು ಅವನಿಗೆ ಅನ್ನಿಸಿತು, ಸಂಕೋಚವಿಲ್ಲದೆ ಅನ್ನಿಸಿತು.

ದಾಖಲೆಯ ಪುಸ್ತಕ ತುಂಬುವುದು ಬಾಕಿಯಿತ್ತು. ಕಾರೆಲ್ ಫೋನು ಹಿಡಿದುಕೊಂಡೇ ಬಂದ, ಮುಖ ಅರಳಿತ್ತು. "ಫಿನ್ನರು ಹೇಳಿದ್ದು ಹನ್ನೊಂದೂ ಹತ್ತಕ್ಕಂತೆ. ಮಾಮ ಮೊದಲು ಹೇಳಿದ್ದು ಏಳಕ್ಕೆ. ಡೀಟ್ಮಾರ್ ಏನಂತಾನೆ ಗೊತ್ತಾ? ನಂಗೆ ಸ್ಪಷ್ಟವಾಗಿ ತಿಳೀತು, ತಿಳೀತು ಅಂತ ಉತ್ತರಾನೂ ಕೊಟ್ಟೆ, ಏಳು ಅಂತಲೇ ಬರ್ಕೊಳ್ಳಿ ಅಂತಾನೆ. ಮೂರು ನಿಮಿಷದಿಂದ ಗೆದ್ವಿ."

ಹೆಲೆರಿ ಪುಸ್ತಕ ತೆರೆದು ಪೆನ್ನು ಎತ್ತಿಕೊಂಡಳು. ವೆಲ್ಲೊ ಆ ಖಾಲಿ ಗೆರೆ ನೋಡಿದ. ಇಂಥದೇ ಗೆರೆಯಲ್ಲಿ, ಈಗ ಯಾವ ಊರಿನ ಯಾವ ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಿದೆಯೋ ಆ ಪುಸ್ತಕದಲ್ಲಿ, ಐದೂ ಇಪ್ಪತ್ತು ಎಂದು ಬರೆದದ್ದು ಇನ್ನೂ ಇದೆ, ಮುಂದೆ ಅವನ ಹೆಸರಿದೆ. ಅದನ್ನು ಅಳಿಸುವುದಕ್ಕೆ ಆಗುವುದಿಲ್ಲ. ಆ ದೋಣಿಯವರಿಗೆ ಅವನು ಕೊಡಬಹುದಾದದ್ದು ಏನೂ ಇಲ್ಲ.

"ಹನ್ನೆರಡು ಅಂತ ಬರಿ," ಅಂದ.

"ಮಾಮ, ತಲೆ ಕೆಟ್ಟಿದೆಯಾ?" ಅಂದ ಕಾರೆಲ್. "ಹನ್ನೆರಡು ಅಂದ್ರೆ ಎರಡು ನಿಮಿಷದಿಂದ ಸೋತ್ವಿ. ಅದೂ ಅವರಿಗೆ. ಇನ್ನೊಂದು ಆರು ತಿಂಗಳು ನಾವು ಬಾಯಿ ಮುಚ್ಕೊಂಡಿರ್ಬೇಕು."

"ಏಳಕ್ಕೆ ಹೇಳ್ದೋನು ಇಲ್ಲಿಯವನಲ್ಲ ಮಗಾ. ಹನ್ನೆರಡಕ್ಕೆ ಹೇಳಿದ್ದು ನಾನು."

ಹೆಲೆರಿ ಅವನನ್ನು ನೋಡಿದಳು, ಪುಸ್ತಕಕ್ಕೆ ಬಾಗಿ ಹನ್ನೊಂದೂ ಹನ್ನೆರಡು ಎಂದು ಬರೆದಳು, ಭಾಷೆ ಎಂಬ ಕಡೆ ಎಸ್ಟೋನಿಯನ್ ಎಂದು ಬರೆದಳು, ಸಹಿಗೆ ಅವನ ಕಡೆ ತಿರುಗಿಸಿದಳು. ಅವನು ಸಹಿ ಮಾಡಿ, ಅವಳು ಅದನ್ನು ರೋಸ್ಟೋಕಿಗೆ ತಿಳಿಸಿದ ಹತ್ತೇ ನಿಮಿಷಕ್ಕೆ ಉತ್ತರದ ದಡದಿಂದ ಫೋನು ಬಂತು. ಕಾರೆಲ್ ಕಿವಿಗಿಟ್ಟುಕೊಂಡು ಮುಖ ಹುಳ್ಳಗೆ ಮಾಡಿ, "ತಗೊಳ್ಳಿ, ನಿಮಗೇ," ಎಂದು ಕೊಟ್ಟ. ಆ ಕಡೆಯ ಫಿನ್ನನಿಗೆ ಸಂತೋಷ ತಡೆಯಲಾಗಿರಲಿಲ್ಲ. ಎರಡು ನಿಮಿಷ, ಮುದುಕಪ್ಪ, ಎರಡು ನಿಮಿಷ, ಕಾಫಿ ಕುಡೀತಾ ಕೂತಿದ್ರಾ ಎಂದು ಕೇಳುತ್ತಿದ್ದ. ವೆಲ್ಲೊ ಅದನ್ನು ಪೂರ್ತಿ ಕೇಳಿಸಿಕೊಂಡ. ಫಿನ್ನರಿಗೆ ಸೋತು ಇಷ್ಟು ಹೆಮ್ಮೆಪಟ್ಟವನು ಆ ಕರಾವಳಿಯಲ್ಲಿ ಇನ್ನೊಬ್ಬನಿರಲಿಲ್ಲ.